ಜೊತೆಗಿಟ್ಟ ಹಾವು, ಕಾಣೆಯಾದ ಹಾವು

ಹಾವು ಬಹುಮಟ್ಟಿಗೆ ಒಂಟಿ ಜೀವಿ. ಕೂಡುವ ಕಾಲ ಬಿಟ್ಟರೆ ಇನ್ನೊಂದು ಹಾವಿನ ಸಹವಾಸ ಅದಕ್ಕೆ ಸಾಮಾನ್ಯವಾಗಿ ಬೇಕಿಲ್ಲ. ಕೆನಡಾದ ಮ್ಯಾನಿಟೋಬಾದಲ್ಲಿ ಗಾರ್ಟರ್ ಹಾವುಗಳು ಸಾವಿರಗಟ್ಟಲೆ ಒಂದೇ ಸುಣ್ಣಕಲ್ಲಿನ ಬಿರುಕಿನೊಳಗೆ ಚಳಿಗಾಲ ಕಳೆಯುತ್ತವೆ. ಹೆಪ್ಪುಗಟ್ಟುವ ಚಳಿಗೆ ಅಲ್ಲಿ ಬೇರೆ ಆಸರೆ ಇಲ್ಲ. ಬೇಸಿಗೆ ಬಂದೊಡನೆ ಅವೂ ಚದುರುತ್ತವೆ. ಒಂದೇ ಡಬ್ಬಿಯಲ್ಲಿ ಎರಡು ಹಾವು ಸುತ್ತಿಕೊಂಡು ಮಲಗಿದ್ದನ್ನು ನೋಡಿದವರು ಅವು ಹೊಂದಿಕೊಂಡಿವೆ ಎಂದುಕೊಳ್ಳುತ್ತಾರೆ. ಸಾಮಾನ್ಯವಾಗಿ ಅಲ್ಲಿ ಮರೆಯಾದ ಜಾಗ ಒಂದೇ ಇರುತ್ತದೆ, ಎರಡಕ್ಕೂ ಅದೇ ಬೇಕಾಗಿರುತ್ತದೆ.

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯಂಥ ತಾಲೂಕುಗಳಲ್ಲಿ ಹಾವು ಡಬ್ಬಿ ಸೇರುವ ದಾರಿಗಳು ಕೆಲವೇ. ತೊಗರಿ ಹೊಲದಿಂದಲೋ ಮೇವಿನ ಬಣವೆಯಿಂದಲೋ ಹಿಡಿದದ್ದನ್ನು ಬಿಡುವ ತನಕ ಒಂದು ರಾತ್ರಿ ಇಟ್ಟುಕೊಳ್ಳುವುದು ಒಂದು. ಬುಟ್ಟಿ ಹೊತ್ತು ಊರೂರು ತಿರುಗುವ ಹಾವಾಡಿಗರ ಹಳೆಯ ಕಸುಬು ಇನ್ನೊಂದು. ಸಂಪತ್ತು ತರುತ್ತದೆಂಬ ಮೂಢನಂಬಿಕೆಯಿಂದ ಮಣ್ಣುಮುಕ್ಕವನ್ನು, ಅಂದರೆ ಜನ ಎರಡು ತಲೆ ಹಾವು ಎನ್ನುವ ಬಡಪಾಯಿಯನ್ನು, ಗಡಿಗೆಯಲ್ಲಿ ಬಚ್ಚಿಡುವುದು ಮತ್ತೊಂದು. ಅದರ ಬಾಲ ಮೊಂಡಾಗಿ ತಲೆಯಂತೆ ಕಾಣುತ್ತದೆ, ಅಷ್ಟೇ. ಈ ನೆಲದ ಯಾವ ಹಾವನ್ನೂ ಸಾಕುವ ಹಕ್ಕು ಯಾರಿಗೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಅಪರಾಧವೆನ್ನುತ್ತದೆ. ಬಾಲ್ ಪೈಥಾನ್‌ನಂಥ ಪರದೇಶದ ಹಾವುಗಳ ಲೆಕ್ಕ ಬೇರೆ. 2022ರ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ, ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಅಂಥ ಪ್ರಾಣಿಗಳನ್ನು ಪರಿವೇಶ್ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಾಯಿಸಬೇಕು.

ಜೊತೆಗಿಡುವುದರ ಮೊದಲ ಅಪಾಯ ಒಂದು ಇನ್ನೊಂದನ್ನು ನುಂಗುವುದು. ಕಟ್ಟುಹಾವಿನ ಆಹಾರದಲ್ಲಿ ಬೇರೆ ಹಾವುಗಳಿಗೆ ದೊಡ್ಡ ಪಾಲಿದೆ, ನಾಗರವೂ ಹಾವು ತಿನ್ನುತ್ತದೆ. ಇವುಗಳ ಚೀಲದಲ್ಲಿ ಕೇರೆಯ ಮರಿಯನ್ನು ಹಾಕಿದರೆ ಬೆಳಗಾಗುವಷ್ಟರಲ್ಲಿ ಚೀಲದಲ್ಲಿ ಒಂದೇ ಹಾವು ಉಳಿದಿರಬಹುದು. ಹಾವು ತಿನ್ನದ ಜಾತಿಗಳಲ್ಲೂ ಇದು ನಡೆಯುತ್ತದೆ. ಒಂದೇ ಇಲಿಯನ್ನು ಎರಡು ಹಾವು ಎರಡು ತುದಿಯಿಂದ ಹಿಡಿದರೆ ಎರಡೂ ಬಿಡುವುದಿಲ್ಲ. ಹಾವಿನ ಹಲ್ಲು ಒಳಕ್ಕೆ ಬಾಗಿರುವುದರಿಂದ ಬಾಯಿಗೆ ಬಂದದ್ದು ಒಳಗೇ ಸರಿಯುತ್ತದೆ, ದೊಡ್ಡದು ಇಲಿಯೊಂದಿಗೆ ಚಿಕ್ಕದನ್ನೂ ನುಂಗುತ್ತದೆ. ಕೆಲವೊಮ್ಮೆ ನುಂಗಿದ್ದೂ ಸಾಯುತ್ತದೆ.

ಗಂಡುಗಳ ಕಾದಾಟ ಎರಡನೆಯದು. ಹೊಲದ ಬದುವಿನಲ್ಲಿ ಎರಡು ಕೇರೆಹಾವು ಹೆಣೆದುಕೊಂಡು ಎದ್ದು ನಿಂತದ್ದನ್ನು ಮಿಲನವೆಂದು ತಿಳಿದು ಜನ ಕೈಮುಗಿಯುವುದುಂಟು. ಬಹುಮಟ್ಟಿಗೆ ಅದು ಎರಡು ಗಂಡುಗಳ ಕುಸ್ತಿ. ಬಯಲಲ್ಲಿ ಸೋತದ್ದು ಓಡಿಹೋಗುತ್ತದೆ. ಡಬ್ಬಿಯಲ್ಲಿ ಓಡಲು ಜಾಗವಿಲ್ಲದೆ ಅದು ಮೂಲೆ ಸೇರಿ ಮೇವು ಬಿಡುತ್ತದೆ. ಗಂಡು ಹೆಣ್ಣನ್ನು ಕೂಡಿಟ್ಟರೆ ಬೇಡದ ಸಂತಾನ. ಹೆಣ್ಣು ವೀರ್ಯವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾದಿಡಬಲ್ಲದಾದ್ದರಿಂದ ಬೇರೆ ಮಾಡಿದ ಬಹಳ ದಿನಗಳ ಮೇಲೂ ಬಸಿರಾಗಬಹುದು.

ಕಣ್ಣಿಗೆ ಕಾಣದ ಅಪಾಯ ರೋಗದ್ದು. ಹುರುಪೆಯ ಸಂದಿನಲ್ಲಿ ಕರಿ ಚುಕ್ಕೆಯಂತೆ ಕೂರುವ ಹಾವಿನ ಉಣ್ಣೆ ಒಂದರಿಂದ ಇನ್ನೊಂದಕ್ಕೆ ಹರಿದು ರಕ್ತ ಹೀರುತ್ತದೆ, ಸೋಂಕನ್ನೂ ಒಯ್ಯುತ್ತದೆ. ಬೋವಾ ಜಾತಿಯ ಹಾವು ಒಂದು ಬಗೆಯ ವೈರಸ್ಸನ್ನು ಯಾವ ಲಕ್ಷಣವೂ ಇಲ್ಲದೆ ವರ್ಷಗಟ್ಟಲೆ ಹೊತ್ತಿರಬಲ್ಲದು. ಅದೇ ವೈರಸ್ ಹೆಬ್ಬಾವಿಗೆ ತಗಲಿದರೆ ನರ ಕೆಟ್ಟು, ತಲೆ ಹಿಂದಕ್ಕೆ ತಿರುಚಿ, ಬೇಗನೆ ಸಾಯುತ್ತದೆ. ಆಮೆಗೆ ತೊಂದರೆ ಕೊಡದ ಒಂದು ಅಮೀಬಾ ಹಾವಿನ ಕರುಳನ್ನು ಕೊಳೆಸುತ್ತದೆ. ಹೊಸದಾಗಿ ಬಂದ ಹಾವನ್ನು ಮೂರು ತಿಂಗಳು ಬೇರೆ ಕೋಣೆಯಲ್ಲಿ, ಬೇರೆ ಇಕ್ಕಳ, ಬೇರೆ ನೀರಿನ ಬಟ್ಟಲಿನೊಂದಿಗೆ ಇಡಬೇಕೆಂಬ ಪದ್ಧತಿ ಬಂದದ್ದು ಇದರಿಂದ. ಕೂಡಿಟ್ಟಾಗ ಇನ್ನೊಂದು ತೊಡಕು: ನುಂಗಿದ್ದನ್ನು ಕಕ್ಕಿದ್ದು ಯಾವುದು, ಭೇದಿಯಾದದ್ದು ಯಾವುದಕ್ಕೆ ಎಂಬುದೇ ತಿಳಿಯುವುದಿಲ್ಲ.

ಇನ್ನು ಕಾಣೆಯಾಗುವ ಮಾತು. ತಲೆ ತೂರುವ ಸಂದಿನಲ್ಲಿ ಹಾವಿನ ಮೈಯೂ ತೂರುತ್ತದೆ. ಮುಚ್ಚಳಕ್ಕೆ ಕಲ್ಲು ಹೇರಿದರೆ ಸಾಲದು, ಕೊಂಡಿ ಬೇಕು. ತಪ್ಪಿಸಿಕೊಂಡದ್ದು ತಿಳಿದೊಡನೆ ಮಕ್ಕಳನ್ನೂ ನಾಯಿ ಬೆಕ್ಕುಗಳನ್ನೂ ಹೊರಗೆ ಕಳಿಸಿ, ಬಾಗಿಲು ಮುಚ್ಚಿ, ಕೆಳಗಿನ ಸಂದಿಗೆ ಬಟ್ಟೆ ತುರುಕಬೇಕು. ಮೋರಿಯ ಕಿಂಡಿಯನ್ನು ಮರೆಯಬಾರದು. ಚಳಿ ದೇಶದವರು ಬೆಚ್ಚಗಿನ ಜಾಗ ಹುಡುಕಿ ಎನ್ನುತ್ತಾರೆ. ಹಗಲು 42 ಡಿಗ್ರಿ ಮುಟ್ಟುವ ಕಲಬುರಗಿಯ ಬೇಸಿಗೆಯಲ್ಲಿ ಆ ಮಾತು ತಲೆಕೆಳಗಾಗುತ್ತದೆ. ಹಾವು ತಂಪಿಗೆ ಹೋಗುತ್ತದೆ: ನೀರಿನ ಹರವಿಯ ಹಿಂದೆ, ಬಚ್ಚಲ ಮೂಲೆಗೆ, ಸಡಿಲವಾದ ಶಹಾಬಾದ್ ಹಾಸುಗಲ್ಲಿನ ಅಡಿಗೆ, ಜೋಳದ ಚೀಲಗಳ ಸಂದಿಗೆ. ಚಳಿಗಾಲದ ರಾತ್ರಿಯಲ್ಲಾದರೆ ಫ್ರಿಜ್ಜಿನ ಹಿಂಬದಿ, ಮಡಿಸಿಟ್ಟ ಕೌದಿ ನೋಡಬೇಕು. ಹಗಲು ಸಿಗದಿದ್ದರೆ ಗೋಡೆಯಂಚಿಗೆ ಜೋಳದ ಹಿಟ್ಟನ್ನು ತೆಳ್ಳಗೆ ಉದುರಿಸಿದರಾಯಿತು, ಹರಿದ ಗುರುತು ಬೆಳಗಿಗೆ ದಾರಿ ತೋರಿಸುತ್ತದೆ.

ಈ ತಾಲೂಕುಗಳಲ್ಲಿ ಹುಡುಕುವವರು ಎಲ್ಲಕ್ಕಿಂತ ಮೊದಲು ಅರಿಯಬೇಕಾದ ವಿಷಯ ಒಂದಿದೆ. ಸಿಕ್ಕ ಹಾವು ಕಳೆದುಹೋದ ಹಾವೇ ಎಂಬ ಖಾತರಿ ಇಲ್ಲ. ಬೇಸಿಗೆಗೆ ಬಿರಿಯುವ ಎರೆಭೂಮಿಯ ಬಿರುಕು, ಭೀಮಾ ದಂಡೆಯ ಕಬ್ಬು, ಹಿತ್ತಲಲ್ಲಿ ಒಟ್ಟಿದ ತೊಗರಿ ಕಟ್ಟಿಗೆ, ಇವೆಲ್ಲ ಇಲಿಗಳ ಬೀಡು. ಇಲಿಯ ಬೆನ್ನಿಗೆ ನಾಗರ, ಕೊಳಕುಮಂಡಲ ಬರುತ್ತವೆ. ಮೈತುಂಬ ಕಂದು ಮಚ್ಚೆಯ ಬಾಲ್ ಪೈಥಾನನ್ನು ಅರೆಬೆಳಕಿನಲ್ಲಿ ಹುಡುಕುವ ಕೈ ಕೊಳಕುಮಂಡಲದ ಮೇಲೆ ಬೀಳಬಹುದು. ವಿಷವಿಲ್ಲದ ತೋಳಹಾವೆಂದು ಎತ್ತಿಕೊಂಡದ್ದು ಕಟ್ಟುಹಾವಾಗಿರಬಹುದು. ಅದರ ಕಡಿತ ಎಷ್ಟೋ ಸಲ ನೋಯುವುದೇ ಇಲ್ಲ, ನೆಲದಲ್ಲಿ ಮಲಗಿದವರು ಬೆಳಗಿಗೆ ಕಣ್ಣುರೆಪ್ಪೆ ಎತ್ತಲಾಗದೆ ಏಳುತ್ತಾರೆ. ಆದ್ದರಿಂದ ಬರಿಗೈ ಬೇಡ. ಟಾರ್ಚ್, ಉದ್ದನೆಯ ಕೋಲು, ಬೂಟು ಬೇಕು. ಗುರುತು ಸಿಗುವ ತನಕ ಯಾವುದನ್ನೂ ಮುಟ್ಟಬಾರದು. ಅರಣ್ಯ ಇಲಾಖೆಯ ಸಹಾಯವಾಣಿ 1926.

ಕಡಿದರೆ ಹಗ್ಗ ಬಿಗಿಯುವುದು, ಕೊಯ್ಯುವುದು, ಬೇರು ಅರೆದು ಕುಡಿಸುವುದು ಹೊತ್ತು ಕೊಲ್ಲುತ್ತವೆ. ಕಡಿದ ಅಂಗವನ್ನು ಅಲ್ಲಾಡಿಸದೆ ತಾಲೂಕು ಆಸ್ಪತ್ರೆಗೆ ಒಯ್ಯಬೇಕು. ಭಾರತದಲ್ಲಿ ಸಿಗುವ ಪ್ರತಿವಿಷವು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ತಯಾರಾದದ್ದು. ಪರದೇಶದ ವಿಷದ ಹಾವು ಕಡಿದರೆ ಅದನ್ನು ನಂಬಿಕೊಳ್ಳುವಂತಿಲ್ಲ. ಹಾವು ಕಡಿತವನ್ನು ಕರ್ನಾಟಕ 2024ರಲ್ಲಿ ಅಧಿಸೂಚಿತ ಕಾಯಿಲೆಯನ್ನಾಗಿ ಮಾಡಿದ್ದರಿಂದ ಆಸ್ಪತ್ರೆಗಳು ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ತಪ್ಪಿಸಿಕೊಂಡದ್ದನ್ನು ನೆರೆಯವರಿಗೆ ಮುಚ್ಚಿಡುವುದು ತಪ್ಪು. ಸುದ್ದಿ ತಿಳಿಯದ ಮನೆಯಲ್ಲಿ ಹಾವು ಕಂಡರೆ ಬಡಿಗೆಯೇ ಏಳುತ್ತದೆ. ಹಾವು ತಿಂಗಳುಗಟ್ಟಲೆ ಉಪವಾಸ ಇರಬಲ್ಲದು. ವಾರದಲ್ಲಿ ಸಿಗದಿದ್ದರೆ ಸತ್ತಿತೆಂದು ಬಿಡಬಾರದು. ಪರದೇಶದ್ದಾದರೆ ಹುಡುಕಲೇಬೇಕಾದ ಇನ್ನೊಂದು ಕಾರಣವಿದೆ. ಸ್ಪೇನಿನ ಗ್ರಾನ್ ಕನೇರಿಯಾ ದ್ವೀಪದಲ್ಲಿ ಸಾಕಿದವರಿಂದ ಹೊರಬಿದ್ದ ಕ್ಯಾಲಿಫೋರ್ನಿಯಾದ ಕಿಂಗ್‌ಸ್ನೇಕುಗಳು ಕಾಡಿನಲ್ಲಿ ಬೆಳೆದು ಅಲ್ಲಿನ ದೈತ್ಯ ಹಲ್ಲಿಯನ್ನು ಹಲವು ಕಡೆ ಅಳಿಸಿಹಾಕಿವೆ. ಪರದೇಶದ ಹಾವು ಸಿಕ್ಕಿದರೆ ಅದಕ್ಕೆ ಮೊದಲು ನೀರು, ಮೈಮೇಲೆ ಗಾಯ ಮತ್ತು ಉಣ್ಣೆಯ ತಪಾಸಣೆ, ಕೆಲವು ದಿನ ಮೇವಿಲ್ಲದ ವಿಶ್ರಾಂತಿ. ಹೊರಗೆ ತಿರುಗಿ ಬಂದದ್ದಾದ್ದರಿಂದ ಅದನ್ನು ಮತ್ತೆ ಹೊಸದರಂತೆ ಮೂರು ತಿಂಗಳು ಒಂಟಿಯಾಗಿಯೇ ಇಡಬೇಕು.