ಮನೆಯಲ್ಲೇ ನಡೆದ ಲೆಂಟ್ ವ್ರತ

ಈಸ್ಟರ್ ಹಬ್ಬಕ್ಕೆ ಮುಂಚೆ, ಭಾನುವಾರಗಳನ್ನು ಬಿಟ್ಟು, ಕ್ರೈಸ್ತರು ಆಚರಿಸುವ 40 ದಿನಗಳ ವ್ರತಕ್ಕೆ ಲೆಂಟ್ ಎಂದು ಹೆಸರು. ಯೇಸುಸ್ವಾಮಿಯು ಅರಣ್ಯದಲ್ಲಿ 40 ದಿನ ಉಪವಾಸವಿದ್ದುದರ ಸ್ಮರಣೆ ಇದು. ಇಂಗ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಮೊದಲ ದಿನವಾದ ಬೂದಿ ಬುಧವಾರ ಹಣೆಗೆ ಬೂದಿಯಿಂದ ಶಿಲುಬೆಯ ಗುರುತನ್ನಿಡುವರು. ಅಂದಿನಿಂದ ಅನೇಕರು ತಮಗೆ ಪ್ರಿಯವಾದುದೊಂದನ್ನು ತ್ಯಜಿಸುವರು.

2020ರಲ್ಲಿ ಈ ವ್ರತವು ಫೆಬ್ರವರಿ 26ರಂದು ಎಂದಿನಂತೆ ಮೊದಲಾಯಿತು. ಮಾರ್ಚ್ ತಿಂಗಳಲ್ಲಿ ಕೋವಿಡ್ ಪಿಡುಗಿನ ದೆಸೆಯಿಂದ ಚರ್ಚುಗಳ ಬಾಗಿಲು ಮುಚ್ಚಿತು; ಆರಾಧನೆ ಅಂತರ್ಜಾಲಕ್ಕೆ ಬಂದಿತು. ಅಂದಿನ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿಯವರು ತಮ್ಮ ಅಡುಗೆಮನೆಯಲ್ಲಿ ನಡೆಸಿದ ಆರಾಧನೆಯು ಏಪ್ರಿಲ್ 12ರ ಈಸ್ಟರ್ ದಿನ ಪ್ರಸಾರವಾಯಿತು.

ಉಪದೇಶವೂ ಪ್ರಾರ್ಥನೆಯೂ ಹೀಗೆ ಮನೆ ಸೇರಿದುವು. ಆದರೆ ಪ್ರಭುಭೋಜನದ ರೊಟ್ಟಿ, ದ್ರಾಕ್ಷಾರಸ ಸೇರುವುದೆಂತು? ಇದಕ್ಕೆ ಸಮಾಧಾನವು ಆ ಸಭೆಯ 1662ರ ಪ್ರಾರ್ಥನಾ ಪುಸ್ತಕದಲ್ಲಿಯೇ ಇದ್ದಿತು. ಕಾಯಿಲೆಯಿಂದಲೋ ನ್ಯಾಯವಾದ ಇನ್ನಾವ ಅಡ್ಡಿಯಿಂದಲೋ ಅದನ್ನು ಸ್ವೀಕರಿಸಲಾರದವನು ನಿಜವಾಗಿ ಪಶ್ಚಾತ್ತಾಪಪಟ್ಟು ನಂಬಿದ್ದರೆ, ಬಾಯಿಗೆ ತಾಗದಿದ್ದರೂ ಆತ್ಮಕ್ಕೆ ಫಲವುಂಟೆಂದು ಅದು ತಿಳಿಸುತ್ತದೆ.

ತಿಂಡಿತೀರ್ಥಗಳನ್ನು ಬಿಡುವುದು ನಮ್ಮ ಇಚ್ಛೆ. ಒಟ್ಟಿಗೆ ಕುಳಿತು ಪ್ರಾರ್ಥಿಸುವ ಭಾಗ್ಯವನ್ನೇ ಬಿಡಬೇಕಾದಾಗ, ಆ ವರುಷದ ಉಪವಾಸ ಎಷ್ಟು ಕಠಿನವಾಗಿದ್ದಿರಬೇಕು!