ಹಾಜರಿ ಹೇಳುವ ಬೆರಳು

ಆಯುಧಪೂಜೆಯಂದು ಗೊರವಯ್ಯನು ಬಿಲ್ಲನ್ನೇರಿ ಕಾರಣಿಕ ನುಡಿಯುವ ದೇವರಗುಡ್ಡವನ್ನು ವಾಚಕರು ಬಲ್ಲರು. ಬ್ಯಾಡಗಿ ಮತ್ತು ರಾಣೆಬೆನ್ನೂರುಗಳ ನಡುವೆ ಅದರ ಹೆಸರಿನ ಚಿಕ್ಕ ರೈಲು ನಿಲ್ದಾಣವೊಂದುಂಟು. ಮನೆ ಅಲ್ಲಿ, ಕಚೇರಿ ಹಾವೇರಿಯಲ್ಲಿ ಎಂದಾದರೆ, ಗೋಡೆಯ ಗಡಿಯಾರಕ್ಕಿಂತ ರೈಲಿನ ವೇಳೆಯೇ ಮನಸ್ಸನ್ನು ಆಳುವುದು ಸಹಜ. ಹಬ್ಬದ ಮುನ್ನಾದಿನವಂತೂ ಕೇಳಲೇಬೇಕಾಗಿಲ್ಲ! ಕುರ್ಚಿಯ ಬೆನ್ನಿಗೆ ಕೋಟು, ತೆರೆದ ಕಡತದ ಮೇಲೆ ಕನ್ನಡಕ, “ಈಗ ಬರುತ್ತಾರೆ, ಕೂತಿರಿ” ಎನ್ನುವ ಜವಾನ. ಇವನ್ನು ಕಾಣದವರು ನಮ್ಮಲ್ಲಿ ವಿರಳ. ಎರಡು ಬಸ್ಸು ಬದಲಿಸಿ ಬಂದ ರೈತನು ಆ ಕೋಟನ್ನು ನೋಡುತ್ತ ಕೂರುತ್ತಾನೆ.

ಕೋಟಿನ ಸಾಕ್ಷ್ಯವನ್ನು ಒಪ್ಪದ ಯಂತ್ರವೊಂದು ಈಗ ಅನೇಕ ಕಚೇರಿಗಳ ಬಾಗಿಲಲ್ಲಿದೆ. ದೆಹಲಿಯ ಕೇಂದ್ರ ಸರ್ಕಾರದ ಕಚೇರಿಗಳಲ್ಲಿ 2014ರಲ್ಲಿ ಇಂಥವನ್ನು ಆಧಾರ್ ಸಂಖ್ಯೆಗೆ ಜೋಡಿಸಲಾಯಿತು. ಅದು ಬೆರಳನ್ನು ಗುರುತಿಸುವುದು ಹೇಗೆ? ಒಂದು ಬಗೆಯ ಯಂತ್ರದಲ್ಲಿ ಗಾಜಿನೊಳಗಿಂದ ಬೆಳಕನ್ನು ಓರೆಯಾಗಿ ಹಾಯಿಸುತ್ತಾರೆ. ಬೆರಳಿನ ಏಣುಗಳು ಗಾಜಿಗೆ ತಾಗಿದಲ್ಲಿ ಬೆಳಕು ಚದರಿ ಆ ಭಾಗ ಕಪ್ಪಾಗುತ್ತದೆ. ನಡುವಣ ತಗ್ಗುಗಳಲ್ಲಿ ಪೂರ್ಣವಾಗಿ ಪ್ರತಿಫಲಿಸಿ ಬಿಳುಪಾಗಿ ಕಾಣುತ್ತದೆ. ಹೀಗೆ ಮೂಡಿದ ಚಿತ್ರದಲ್ಲಿ ಏಣು ಎಲ್ಲಿ ಮುಗಿಯಿತು, ಎಲ್ಲಿ ಕವಲೊಡೆಯಿತು ಎಂಬ ಬಿಂದುಗಳನ್ನು ಯಂತ್ರವು ಮೊದಲೇ ದಾಖಲಾದವುಗಳೊಡನೆ ಹೋಲಿಸಿ ನೋಡುತ್ತದೆ. ಈ ಏಣುಗಳು ಹುಟ್ಟುವ ಮೊದಲೇ ತಾಯಿಯ ಗರ್ಭದಲ್ಲಿ ರೂಪುಗೊಳ್ಳುತ್ತವೆ. ಅವಳಿಗಳಲ್ಲಿಯೂ ಅವು ಒಂದೇ ಆಗಿರುವುದಿಲ್ಲ.

ಬೆರಳಿನ ಗುರುತನ್ನು ಆಡಳಿತಕ್ಕೆ ಒಗ್ಗಿಸಿದ್ದು ನಮ್ಮ ದೇಶದಲ್ಲಿಯೇ ಎಂಬುದು ಸ್ವಾರಸ್ಯಕರ. 1858ರಲ್ಲಿ ಬಂಗಾಳದ ಅಧಿಕಾರಿ ವಿಲಿಯಂ ಹರ್ಷೆಲ್, ರಸ್ತೆಯ ಜಲ್ಲಿಯ ಗುತ್ತಿಗೆದಾರ ರಾಜ್ಯಧರ ಕೋನಾಯಿಯಿಂದ ಕರಾರುಪತ್ರದ ಮೇಲೆ ಅಂಗೈಯ ಮುದ್ರೆ ಪಡೆದರು. ಗುರುತು ಹಿಡಿಯುವುದಕ್ಕಲ್ಲ, ಮುಂದೆ “ಸಹಿ ನನ್ನದಲ್ಲ” ಎನ್ನದಂತೆ ಅಂಜಿಸುವುದಕ್ಕೆ! ಹಾಜರಿ ಯಂತ್ರದಲ್ಲಿಯೂ ಆ ಅಂಜಿಕೆಯ ಅಂಶ ಉಳಿದಿದೆಯೆಂದು ನಮಗೆ ತೋರುತ್ತದೆ.

ಏಕೆಂದರೆ ಯಂತ್ರಕ್ಕೆ ತಿಳಿಯುವುದು ದಿನದ ಎರಡು ಕ್ಷಣಗಳು ಮಾತ್ರ. ಬೆಳಗ್ಗೆ ಬೆರಳೊತ್ತಿ ಹೊರಟವನು ಸಂಜೆ ಮರಳಿ ಬಂದು ಒತ್ತಿದರೆ ಅದರ ಲೆಕ್ಕದಲ್ಲಿ ದಿನ ಪೂರ್ಣ. ಇನ್ನೊಂದು ಕಡೆ, ವಯಸ್ಸಾದಂತೆ ಚರ್ಮ ಒಣಗುತ್ತದೆ. ಬಹುಕಾಲ ಕಾಗದ ತಿರುವಿದ, ಭಾರ ಹೊತ್ತ ಕೈಗಳಲ್ಲಿ ಏಣುಗಳು ಸವೆಯುತ್ತವೆ. ಒಣಗಿದ ಬೆರಳು ಗಾಜಿಗೆ ಸರಿಯಾಗಿ ಅಂಟದೆ ಚಿತ್ರ ತುಂಡುತುಂಡಾಗುತ್ತದೆ. ಒಂದು ಕಚೇರಿಯಲ್ಲಿ ದಿನವಿಡೀ ಕಡತ ಹೊತ್ತು ತಿರುಗಿದ ಹಿರಿಯ ಜವಾನರೊಬ್ಬರನ್ನು ನಾವು ಕಂಡೆವು. ಬಿಡುವ ಹೊತ್ತಿಗೆ ಹೆಬ್ಬೆರಳನ್ನು ಪಂಚೆಗೆ ಒರೆಸಿ, ಬಾಯಿಯ ಬಿಸಿಯುಸಿರು ಊದಿ, ನಾಲ್ಕನೆಯ ಬಾರಿ ಒತ್ತುತ್ತಿದ್ದರು. ಅಷ್ಟರಲ್ಲಿ ಅವರ ರೈಲು ಹೊರಟುಹೋಗಿತ್ತು.