ವೇಗ ಒಂದೇ ಸಾಲದು

ಕ್ಯಾಟಲಿಸ್ಟ್‌ಗೆ ಕನ್ನಡದಲ್ಲಿ ವೇಗವರ್ಧಕ ಅಂತಾರೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಈ ಪದ ಸಿಕ್ಕಿದ್ದು ಕಾಲೇಜಿಗೆ ಬಂದ ಮೇಲೆ. ಪದ ಚೆನ್ನಾಗಿದೆ, ಆದರೆ ಅರ್ಧ ಕಥೆ ಮಾತ್ರ ಹೇಳುತ್ತೆ. ಕಬ್ಬಿನ ಕಾಕಂಬಿಯಿಂದ ಬಂದ ಎಥನಾಲ್‌ನಿಂದ ಹೈಡ್ರೋಜನ್ ತೆಗೆಯೋ ಕೆಲಸ ನೋಡಿದರೆ ಉಳಿದರ್ಧ ಏನು ಅಂತ ಗೊತ್ತಾಗುತ್ತೆ.

ಮೊದಲು ಇದೆಲ್ಲ ಯಾಕೆ ಬೇಕು ಅಂತ ನೋಡೋಣ. ಇವತ್ತು ಪ್ರಪಂಚದಲ್ಲಿ ತಯಾರಾಗೋ ಹೈಡ್ರೋಜನ್‌ನ ಬಹುಪಾಲು ನೈಸರ್ಗಿಕ ಅನಿಲ ಮತ್ತು ಕಲ್ಲಿದ್ದಲಿನಿಂದ ಬರುತ್ತೆ. ಅದು ಹೋಗೋದು ಮುಖ್ಯವಾಗಿ ರಿಫೈನರಿಗಳಿಗೆ ಮತ್ತು ರಸಗೊಬ್ಬರಕ್ಕೆ ಬೇಕಾದ ಅಮೋನಿಯಾಕ್ಕೆ. ಅಂದರೆ ನಮ್ಮ ಗದ್ದೆಗೆ ಹಾಕೋ ಯೂರಿಯಾದ ಹಿಂದೆಯೂ ಪಳೆಯುಳಿಕೆ ಇಂಧನವೇ ಇದೆ. ಎಥನಾಲ್‌ನಿಂದ ಮಾಡಿದರೂ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಸುಳ್ಳು ಹೇಳಬಾರದು. ಆದರೆ ಆ ಕಾರ್ಬನ್ನನ್ನು ಕಬ್ಬು ಮೊನ್ನೆ ಮೊನ್ನೆ ಗಾಳಿಯಿಂದಲೇ ಎಳೆದುಕೊಂಡಿದ್ದು.

ಈಗ ಲೆಕ್ಕ. ಎಥನಾಲ್‌ನ 1 ಅಣು, ಹಬೆಯ 3 ಅಣು ಸೇರಿದರೆ ಕಾರ್ಬನ್ ಡೈಆಕ್ಸೈಡ್‌ನ 2 ಅಣು, ಹೈಡ್ರೋಜನ್‌ನ 6 ಅಣು. ಎಣಿಸಿ ನೋಡಿ, ಆ 6ರಲ್ಲಿ 3 ನೀರಿನಿಂದಲೇ ಬಂದವು! 1 ಕೆಜಿ ಎಥನಾಲ್‌ನೊಳಗೆ ಇರೋದು ಸುಮಾರು 130 ಗ್ರಾಂ ಹೈಡ್ರೋಜನ್, ಕಾಗದದ ಮೇಲೆ ಸಿಗೋದು 260 ಗ್ರಾಂ. ಇನ್ನೊಂದು ಲಾಭ: ಪೆಟ್ರೋಲ್‌ಗೆ ಬೆರೆಸಬೇಕಾದರೆ ಎಥನಾಲ್‌ನಿಂದ ನೀರನ್ನೆಲ್ಲ ತೆಗೀಬೇಕು, ಅದಕ್ಕೆ ಸಿಕ್ಕಾಪಟ್ಟೆ ಶಾಖ ಖರ್ಚು. ಇಲ್ಲಿ ನೀರು ಹೇಗೂ ಬೇಕು, ಹಾಗಾಗಿ ಅಷ್ಟು ಒಣಗಿಸೋ ತಲೆನೋವಿಲ್ಲ.

ಕಾಗದದ ಮೇಲೆ ಅಂದೆನಲ್ಲ, ತೊಂದರೆ ಶುರುವಾಗೋದೇ ಅಲ್ಲಿಂದ. ಎಥನಾಲ್‌ಗೆ ಹೋಗೋಕೆ ಒಂದೇ ದಾರಿ ಇಲ್ಲ. ನಮಗೆ ಬೇಕಾದ ದಾರಿಯಲ್ಲಿ ಎರಡು ಕಾರ್ಬನ್‌ಗಳ ನಡುವಿನ ಬಂಧ ಮುರೀಬೇಕು. ನಿಕಲ್ ಅದನ್ನು ಚೆನ್ನಾಗಿ ಮುರಿಯುತ್ತೆ, ಬೆಲೆಯೂ ಕಡಿಮೆ. ಆದರೆ ಅದೇ ನಿಕಲ್ ಆಗಷ್ಟೇ ಬಂದ ಹೈಡ್ರೋಜನ್ನನ್ನು ವಾಪಸ್ ಕಾರ್ಬನ್‌ಗೆ ಅಂಟಿಸಿ ಮೀಥೇನ್ ಕೂಡ ಮಾಡುತ್ತೆ. ಕಾರ್ಬನ್ ಡೈಆಕ್ಸೈಡ್‌ನ ಒಂದೊಂದು ಅಣು ಮೀಥೇನ್ ಆದಾಗಲೂ 4 ಅಣು ಹೈಡ್ರೋಜನ್ ಹೋಯ್ತು ಅಂತ ಲೆಕ್ಕ. ಒಂದು ಕೈಲಿ ಕೊಟ್ಟು ಇನ್ನೊಂದು ಕೈಲಿ ಕಿತ್ಕೊಳ್ಳೋದು ಅಂದರೆ ಇದೇ. ವೇಗಕ್ಕೇನೂ ಕೊರತೆ ಇಲ್ಲ, ತಪ್ಪು ದಾರಿಯಲ್ಲೂ ವೇಗವೇ!

ಇನ್ನೊಂದು ಕಾಟ ಮಸಿ. ನಿಕಲ್ ಕಣಗಳನ್ನು ಸಾಮಾನ್ಯವಾಗಿ ಅಲ್ಯೂಮಿನಾ ಮೇಲೆ ಕೂರಿಸ್ತಾರೆ. ಅಲ್ಯೂಮಿನಾದ ಆಮ್ಲೀಯ ಜಾಗಗಳು ಎಥನಾಲ್‌ನಿಂದ ನೀರು ಕಿತ್ತು ಎಥಿಲೀನ್ ಮಾಡುತ್ತವೆ. ಎಥಿಲೀನ್ ಗೊತ್ತಲ್ಲ, ಪಾಲಿಥೀನ್ ಕವರ್‌ನ ಮೂಲ. ಅದು ಒಂದಕ್ಕೊಂದು ಸೇರಿ ಕೊನೆಗೆ ಕಾರ್ಬನ್ ಆಗಿ ಕೂರುತ್ತೆ. ಕೆಲವು ಸಲ ಈ ಕಾರ್ಬನ್ ಎಳೆ ಎಳೆಯಾಗಿ, ತುದಿಯಲ್ಲಿ ನಿಕಲ್ ಕಣವನ್ನು ಹೊತ್ತುಕೊಂಡೇ ಬೆಳೆಯುತ್ತೆ. ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಚಿತ್ರಗಳಲ್ಲಿ ಕೂದಲಿನ ಗಂಟಿನ ಹಾಗೆ ಕಾಣುತ್ತೆ. ಕೊನೆಗೆ ರಿಯಾಕ್ಟರ್ ಕಟ್ಟಿಕೊಳ್ಳುತ್ತೆ.

ಪರಿಹಾರ ಅರ್ಧ ನಿಕಲ್‌ನಲ್ಲಿದೆ, ಅರ್ಧ ಅದು ಕೂರೋ ಮಣೆಯಲ್ಲಿ. ಅಲ್ಯೂಮಿನಾ ಬದಲು ಮೆಗ್ನೀಷಿಯಂ ಆಕ್ಸೈಡ್ ಹಾಕಿದರೆ ಆಮ್ಲೀಯತೆ ಕಡಿಮೆ, ಎಥಿಲೀನೂ ಕಡಿಮೆ. ಸೀರಿಯಂ ಆಕ್ಸೈಡ್ ಇನ್ನೂ ಜಾಣ. ಅದು ತನ್ನ ಆಮ್ಲಜನಕವನ್ನು ಕೊಟ್ಟು ಮಸಿಯನ್ನು ಸುಡುತ್ತೆ, ಆಮೇಲೆ ಹಬೆಯಿಂದ ಆಮ್ಲಜನಕ ತಗೊಂಡು ತನ್ನ ಸಾಲ ತೀರಿಸಿಕೊಳ್ಳುತ್ತೆ. 2004ರಲ್ಲಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಲ್ಯಾನಿ ಶ್ಮಿಟ್ ತಂಡ ಸೀರಿಯಂ ಆಕ್ಸೈಡ್ ಜೊತೆ ರೋಡಿಯಂ ಇಟ್ಟು, ಸ್ವಲ್ಪ ಗಾಳಿಯನ್ನೂ ಬಿಟ್ಟು, ಮಿಲಿಸೆಕೆಂಡ್‌ಗಳಲ್ಲಿ ಎಥನಾಲ್‌ನಿಂದ ಹೈಡ್ರೋಜನ್ ತೆಗೆದು ತೋರಿಸ್ತು. ಆದರೆ ರೋಡಿಯಂ ದರ ಕೇಳಿದರೆ ನಿಕಲ್ ಮೇಲೆ ಮತ್ತೆ ಪ್ರೀತಿ ಬರುತ್ತೆ.

ನನಗೆ ಅತಿ ಇಷ್ಟವಾದದ್ದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಡುಮೆಸಿಕ್ ತಂಡದ ಕೆಲಸ. ಗ್ಲೂಕೋಸ್, ಗ್ಲಿಸರಾಲ್ ಥರದವನ್ನು ಆವಿ ಮಾಡೋಕೆ ಹೋದರೆ ಮೊದಲೇ ಸೀದು ಹೋಗುತ್ತವೆ. ಅದಕ್ಕೆ ಅವರು 2002ರಲ್ಲಿ ಒತ್ತಡ ಹಾಕಿ ನೀರನ್ನು ದ್ರವವಾಗೇ ಇಟ್ಟು, 225 ಡಿಗ್ರಿ ಆಸುಪಾಸಿನಲ್ಲಿ ಪ್ಲಾಟಿನಂ ಮೇಲೆ ಹರಿಸಿ ಹೈಡ್ರೋಜನ್ ಪಡೆದರು. ಮರುವರ್ಷ ಪ್ಲಾಟಿನಂ ಬಿಟ್ಟು ರೇನಿ ನಿಕಲ್‌ಗೆ ಬಂದರು. ರೇನಿ ನಿಕಲ್ ಹುಟ್ಟಿದ್ದು 1920ರ ದಶಕದಲ್ಲಿ, ಅಡುಗೆ ಎಣ್ಣೆಗೆ ಹೈಡ್ರೋಜನ್ ಸೇರಿಸಿ ಗಟ್ಟಿ ಮಾಡೋಕೆ, ಅಂದರೆ ವನಸ್ಪತಿ ಥರದ ಪದಾರ್ಥಕ್ಕೆ. ಸೇರಿಸೋಕೆ ಹುಟ್ಟಿದ್ದನ್ನು ಇವರು ಬಿಡಿಸೋಕೆ ಹಚ್ಚಿದರು! ಅದಕ್ಕೆ ಸ್ವಲ್ಪ ತವರ ಬೆರೆಸಿದಾಗ ಮೀಥೇನ್ ಗಣನೀಯವಾಗಿ ಕಡಿಮೆಯಾಯ್ತು. ಅದೇ ಪಾತ್ರೆಗೆ ಕಲಾಯಿ ಹಾಕೋ ತವರ. ಇಲ್ಲಿ ತವರದ ಕೆಲಸ ನಿಕಲ್‌ನ ಚಟುವಟಿಕೆ ಹೆಚ್ಚಿಸೋದಲ್ಲ, ಕೆಟ್ಟ ಚಟ ಬಿಡಿಸೋದು. ವೇಗವರ್ಧಕ ಅನ್ನೋ ಪದದಲ್ಲಿ ಇಲ್ಲದ ಅರ್ಧ ಇದೇ.

ಹಾಗಂತ ಎಲ್ಲ ಎಥನಾಲನ್ನೂ ಹೈಡ್ರೋಜನ್ ಮಾಡಿಬಿಡೋಣ ಅಂತ ನಾನು ಹೇಳ್ತಿಲ್ಲ. ಕಬ್ಬಿಗೆ ಕುಡಿಯೋ ನೀರು ಎಷ್ಟು ಅಂತ ಮಂಡ್ಯದ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ, ಪೆಟ್ರೋಲ್ ಕೂಡ ಎಥನಾಲ್ ಕೇಳ್ತಿದೆ. ಬಯೋಡೀಸೆಲ್ ಮಾಡುವಾಗ 100 ಕೆಜಿಗೆ ಸುಮಾರು 10 ಕೆಜಿ ಉಳಿಯೋ ಗ್ಲಿಸರಾಲ್, ಅಥವಾ ಹೊಲದ ಕಸಕಡ್ಡಿ ನನಗೆ ಹೆಚ್ಚು ಸರಿ ಅನ್ಸುತ್ತೆ. ಕಸಕಡ್ಡಿಯ ದಾರಿಯಲ್ಲಿ ಬೆಂಗಳೂರಿನ ಐಐಎಸ್‌ಸಿಯ ಪ್ರೊ. ದಾಸಪ್ಪ ಅವರ ತಂಡ ಆಮ್ಲಜನಕ ಮತ್ತು ಹಬೆ ಕೊಟ್ಟು 1 ಕೆಜಿ ಜೈವಿಕ ವಸ್ತುವಿನಿಂದ 100 ಗ್ರಾಂ ಹೈಡ್ರೋಜನ್ ತೆಗೆದಿದೆ. ಆ 1 ಕೆಜಿಯಲ್ಲಿ ಇದ್ದದ್ದು 60 ಗ್ರಾಂ ಮಾತ್ರ. ಉಳಿದದ್ದು ಎಲ್ಲಿಂದ ಅಂತ ಈಗ ನಿಮಗೇ ಗೊತ್ತು.

ಮಸಿ ಹಿಡಿದ ನಿಕಲನ್ನು ಎಸೆಯಬೇಕಾಗಿಲ್ಲ. ಬಿಸಿ ಗಾಳಿ ಬಿಟ್ಟರೆ ಮಸಿ ಸುಟ್ಟು ಹೋಗುತ್ತೆ. ಆದರೆ ಬಿಸಿ ಹೆಚ್ಚಾದರೆ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗ್ತವೆ, ಕೆಲಸ ಮಾಡೋ ಮೇಲ್ಮೈ ಕಡಿಮೆಯಾಗುತ್ತೆ. ಜೊತೆಗೆ ನಿಕಲ್ ಆಕ್ಸೈಡ್ ಆಗಿಬಿಡುತ್ತೆ, ಅದನ್ನು ಮತ್ತೆ ಲೋಹ ಮಾಡೋಕೆ ಒಂದಷ್ಟು ಹೈಡ್ರೋಜನ್ ಬೇಕು.